ಕುತೂಹಲದ ಪ್ರಶ್ನೆಯ ಬೆನ್ನು ಹತ್ತುವ ಬಗೆ

ಹುಣ್ಣಿಮೆಯ ಸಂಜೆ ದಿಗಂತದಿಂದ ಮೇಲೇಳುವ ಚಂದ್ರ ಅಷ್ಟು ದೊಡ್ಡದಾಗಿ ಕಾಣುವುದೇಕೆ, ನಡುರಾತ್ರಿ ನೆತ್ತಿಯ ಮೇಲೆ ಬಂದಾಗ ಅದೇ ಚಂದ್ರ ಚಿಕ್ಕದಾಗಿ ಕಾಣುವುದೇಕೆ ಎಂಬ ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿ ಒಮ್ಮೆಯಾದರೂ ಸುಳಿದಿರುತ್ತದೆ. ಇಂಥ ಪ್ರಶ್ನೆಗೆ ಈಗ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಫೋನ್ ತೆಗೆದು ಕೇಳಿದರೆ ಸಾಕು. ಆದರೆ ಹಾಗೆ ಸಿಕ್ಕ ಉತ್ತರ ಬಂದಷ್ಟೇ ಬೇಗ ಮರೆತುಹೋಗುತ್ತದೆ, ಮತ್ತು ಅದು ಸರಿಯೋ ತಪ್ಪೋ ಎಂದು ತೂಗಿ ನೋಡುವ ತಕ್ಕಡಿ ನಮ್ಮ ಕೈಯಲ್ಲಿ ಇರುವುದಿಲ್ಲ. ಪ್ರಶ್ನೆಯೊಂದನ್ನು ಕೆಲವು ದಿನ ಜೊತೆಯಲ್ಲಿಟ್ಟುಕೊಂಡು, ಅದನ್ನು ತಿದ್ದಿ, ನಮ್ಮ ಕಣ್ಣು ಕೈಗಳಿಗೆ ಎಟುಕುವಷ್ಟು ಚಿಕ್ಕದಾಗಿಸಿ, ಸಾಧ್ಯವಾದಷ್ಟನ್ನು ನಾವೇ ಪರೀಕ್ಷಿಸಿ, ಆಮೇಲೆ ಪುಸ್ತಕಗಳ ಬಳಿಗೆ ಹೋಗುವ ಕ್ರಮವನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಟಿಪ್ಪಣಿ ಪುಸ್ತಕ, ಒಂದು ಅಳತೆಪಟ್ಟಿ, ಗಡಿಯಾರ, ಟಾರ್ಚ್ ಮತ್ತು ಸ್ವಲ್ಪ ದಪ್ಪ ಕಾಗದ ಇದ್ದರೆ ಕೆಲಸ ಆರಂಭಿಸಬಹುದು.

ಮೊದಲು ಬರೆದಿಡಿ, ಆಮೇಲೆ ಹುಡುಕಿ

ಪ್ರಶ್ನೆ ಹುಟ್ಟಿದ ಕೂಡಲೇ ಅದನ್ನು ದಿನಾಂಕ ಮತ್ತು ಸಮಯದ ಸಮೇತ ಬರೆದಿಡಬೇಕು. ಅದರ ಕೆಳಗೆ, ನಿಜವಾಗಿ ಕಂಡದ್ದೇನು ಎಂಬುದನ್ನು ವಿವರಣೆ ಸೇರಿಸದೆ ಬರೆಯಬೇಕು. "ಇರುವೆಗಳು ಮಳೆಯ ಸೂಚನೆ ತಿಳಿದು ಮೊಟ್ಟೆ ಸಾಗಿಸುತ್ತಿದ್ದವು" ಎಂಬ ವಾಕ್ಯದಲ್ಲಿ ಕಂಡದ್ದು ಅರ್ಧ, ಊಹಿಸಿದ್ದು ಅರ್ಧ. "ಮಧ್ಯಾಹ್ನ ನಾಲ್ಕು ಗಂಟೆಗೆ ಕಪ್ಪು ಇರುವೆಗಳ ಸಾಲು ಗೋಡೆಯ ಬುಡದಿಂದ ಮೇಲಕ್ಕೆ ಹೋಗುತ್ತಿತ್ತು, ಸುಮಾರು ಮೂರರಲ್ಲಿ ಒಂದು ಇರುವೆಯ ಬಾಯಲ್ಲಿ ಬಿಳಿಯ ಕಾಳಿನಂಥ ವಸ್ತುವಿತ್ತು, ಮೋಡವಿತ್ತು, ಮಳೆ ಬರಲಿಲ್ಲ" ಎಂಬುದು ಕಂಡದ್ದು. ಎರಡನೆಯ ಬಗೆಯ ಟಿಪ್ಪಣಿ ನೀರಸವೆನಿಸಬಹುದು, ಆದರೆ ಆರು ತಿಂಗಳ ನಂತರ ಉಪಯೋಗಕ್ಕೆ ಬರುವುದು ಅದೇ. ಮಳೆ ಬಾರದ ದಿನವನ್ನೂ ಬರೆದಿಟ್ಟಾಗ ಮಾತ್ರ ಇರುವೆಗೂ ಮಳೆಗೂ ಇರುವ ಸಂಬಂಧವನ್ನು ಲೆಕ್ಕ ಹಾಕಲು ಬರುತ್ತದೆ. ಊಹೆ ಫಲಿಸಿದ ದಿನಗಳನ್ನಷ್ಟೇ ನೆನಪಿಟ್ಟುಕೊಳ್ಳುವುದು ನಮ್ಮೆಲ್ಲರ ಸ್ವಭಾವ.

ಮೂರನೆಯದಾಗಿ, ಎಲ್ಲಿಯೂ ಹುಡುಕುವ ಮೊದಲೇ ನಿಮ್ಮ ಸ್ವಂತ ಊಹೆಯನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಿರಿ. ಇಡೀ ಕ್ರಮದಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದೂ ಇದೇ. ಸರಿಯಾದ ಉತ್ತರವನ್ನು ಓದಿದ ಮರುಕ್ಷಣ ಮನಸ್ಸು "ಇದು ನನಗೆ ಮೊದಲೇ ಗೊತ್ತಿತ್ತು" ಎಂದುಕೊಳ್ಳುತ್ತದೆ, ಹಳೆಯ ತಪ್ಪು ಕಲ್ಪನೆ ತಿದ್ದುಪಡಿಯಾಗದೆ ಒಳಗೇ ಉಳಿಯುತ್ತದೆ. ಚಂದ್ರನ ವಿಷಯದಲ್ಲಿ ನನಗೆ ಆದದ್ದು ಹೀಗೆಯೇ. ದಿಗಂತದ ಬಳಿ ಗಾಳಿಯ ದಪ್ಪ ಪದರ ಭೂತಗನ್ನಡಿಯಂತೆ ಕೆಲಸ ಮಾಡಿ ಚಂದ್ರನನ್ನು ಹಿಗ್ಗಿಸಿ ತೋರಿಸುತ್ತದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅದನ್ನು ಕಾಗದದ ಮೇಲೆ ಬರೆದ ದಿನವೇ, "ಹಾಗಾದರೆ ಆ ಹಿಗ್ಗುವಿಕೆಯನ್ನು ಅಳೆಯಲು ಬರಬೇಕಲ್ಲವೇ" ಎಂಬ ಮುಂದಿನ ಪ್ರಶ್ನೆ ತಾನಾಗಿ ಎದ್ದಿತು. ಮನಸ್ಸಿನಲ್ಲಿ ಮಸುಕಾಗಿದ್ದ ನಂಬಿಕೆ ಬರೆದಾಗ ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆಯಾಗುತ್ತದೆ.

ಕಾಗದದ ತೂತಿನಲ್ಲಿ ಚಂದ್ರ

ಆ ಅಳತೆಯನ್ನು ಯಾರು ಬೇಕಾದರೂ ಮಾಡಬಹುದು, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಕಡತಗಳಿಗೆ ಕಾಗದ ಸೇರಿಸಲು ಬಳಸುವ ಪಂಚ್‌ನಿಂದ ಒಂದು ದಪ್ಪ ಕಾಗದದಲ್ಲಿ ತೂತು ಮಾಡಿರಿ. ಆ ತೂತಿನ ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್ ಆಸುಪಾಸಿನಲ್ಲಿ ಇರುತ್ತದೆ. ತೋಳನ್ನು ಪೂರ್ತಿ ಚಾಚಿ ಕಾಗದವನ್ನು ಹಿಡಿದರೆ ಅದು ಕಣ್ಣಿನಿಂದ ಸುಮಾರು 60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಆ ದೂರದಲ್ಲಿ 6 ಮಿಲಿಮೀಟರ್ ಅಗಲ ಕಣ್ಣಿಗೆ ಸುಮಾರು 0.57 ಡಿಗ್ರಿ ಕೋನವಾಗಿ ಕಾಣುತ್ತದೆ. ಚಂದ್ರಬಿಂಬದ ಕೋನ ಸರಾಸರಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಹೀಗಾಗಿ ಒಂದು ಕಣ್ಣು ಮುಚ್ಚಿ ನೋಡಿದರೆ ಚಂದ್ರ ಆ ತೂತಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತಾನೆ, ಸುತ್ತ ಕೂದಲೆಳೆಯಷ್ಟು ಆಕಾಶ ಉಳಿಯುತ್ತದೆ.

ಹುಣ್ಣಿಮೆಯ ದಿನ ಚಂದ್ರ ಮೂಡಿದ ಹತ್ತು ಹದಿನೈದು ನಿಮಿಷಗಳ ಒಳಗೆ ಒಮ್ಮೆ ನೋಡಿ, ತೂತಿನ ಎಷ್ಟು ಭಾಗ ತುಂಬಿದೆ ಎಂಬುದನ್ನು ಚಿತ್ರ ಬರೆದು ಗುರುತಿಸಿಕೊಳ್ಳಿ. ಐದಾರು ಗಂಟೆಗಳ ನಂತರ ಚಂದ್ರ ಮೇಲೆ ಬಂದಾಗ ಅದೇ ಕಾಗದವನ್ನು ಅಷ್ಟೇ ದೂರದಲ್ಲಿ ಹಿಡಿದು ಮತ್ತೆ ನೋಡಿ. ತೋಳಿನ ದೂರ ಬದಲಾಗದಂತೆ ಕಾಗದಕ್ಕೆ ಒಂದು ದಾರ ಕಟ್ಟಿ ಅದರ ತುದಿಯನ್ನು ಕೆನ್ನೆಗೆ ತಾಗಿಸಿಕೊಂಡರೆ ಇನ್ನೂ ಒಳ್ಳೆಯದು. ನಾನು ಮೊದಲ ಬಾರಿ ಹೀಗೆ ನೋಡಿದಾಗ ಎರಡು ಚಿತ್ರಗಳ ನಡುವೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೂಡುವಾಗ ಬರಿಗಣ್ಣಿಗೆ ತಟ್ಟೆಯಷ್ಟು ಅಗಲವಾಗಿ ಕಂಡ ಚಂದ್ರ, ಕಾಗದದ ತೂತಿನ ಹಿಂದೆ ಹೋದ ತಕ್ಷಣ ಕುಗ್ಗಿಹೋದ. ಕಾಗದವನ್ನು ಬದಿಗೆ ಸರಿಸಿದರೆ ಮತ್ತೆ ಹಿಗ್ಗಿದ. ಆ ಕ್ಷಣದಲ್ಲಿ ಆದ ಬೆರಗು ಯಾವ ಪುಸ್ತಕ ಓದಿದಾಗಲೂ ನನಗೆ ಆಗಿರಲಿಲ್ಲ.

ಈಗ ಒಂದು ಸಣ್ಣ ಲೆಕ್ಕ ಸೇರಿಸೋಣ. ಚಂದ್ರನ ಸರಾಸರಿ ದೂರ ಭೂಮಿಯ ಕೇಂದ್ರದಿಂದ ಸುಮಾರು 3,84,400 ಕಿಲೋಮೀಟರ್. ಭೂಮಿಯ ತ್ರಿಜ್ಯ ಸುಮಾರು 6,400 ಕಿಲೋಮೀಟರ್. ಚಂದ್ರ ನೆತ್ತಿಯ ಮೇಲಿದ್ದಾಗ ನಾವು ಭೂಮಿಯ ಅವನಿರುವ ಬದಿಯಲ್ಲಿ ನಿಂತಿರುತ್ತೇವೆ. ದಿಗಂತದಲ್ಲಿದ್ದಾಗ ಹೆಚ್ಚುಕಡಿಮೆ ಭೂಮಿಯ ಕೇಂದ್ರದಷ್ಟೇ ದೂರದಲ್ಲಿರುತ್ತೇವೆ. ಅಂದರೆ ದಿಗಂತದ ಚಂದ್ರ ನಮ್ಮಿಂದ ಸುಮಾರು ಶೇಕಡಾ 1.7ರಷ್ಟು ಹೆಚ್ಚು ದೂರದಲ್ಲಿರುತ್ತಾನೆ, ಆದ್ದರಿಂದ ನಿಜವಾದ ಅಳತೆಯಲ್ಲಿ ತುಸು ಚಿಕ್ಕವನೇ ಆಗಿರುತ್ತಾನೆ. ಗಾಳಿಯ ವಕ್ರೀಭವನವೂ, ಅಂದರೆ ಗಾಳಿ ಬೆಳಕನ್ನು ಬಾಗಿಸುವುದೂ, ಬಿಂಬವನ್ನು ಹಿಗ್ಗಿಸುವುದಿಲ್ಲ. ಕೆಳ ಅಂಚನ್ನು ಮೇಲಂಚಿಗಿಂತ ಹೆಚ್ಚು ಮೇಲಕ್ಕೆತ್ತಿ ಬಿಂಬವನ್ನು ಸ್ವಲ್ಪ ಚಪ್ಪಟೆ ಮಾಡುತ್ತದೆ. ನನ್ನ ಭೂತಗನ್ನಡಿಯ ಊಹೆ ಇಲ್ಲಿಗೆ ಬಿದ್ದುಹೋಯಿತು. ಹಿಗ್ಗುವಿಕೆ ಆಗುವುದು ಆಕಾಶದಲ್ಲಿ ಅಲ್ಲವೆಂದಾದರೆ ನೋಡುವವರ ಗ್ರಹಿಕೆಯಲ್ಲಿ ಆಗುತ್ತಿರಬೇಕು. ಹನ್ನೊಂದನೆಯ ಶತಮಾನದಲ್ಲಿ ಅರಬ್ ವಿದ್ವಾಂಸ ಇಬ್ನ್ ಅಲ್ ಹೈಥಮ್ ಕೂಡ ಇದೇ ದಿಕ್ಕಿನಲ್ಲಿ ಯೋಚಿಸಿದ್ದರು. ದಿಗಂತದ ಬಳಿ ಇರುವ ಮರ, ಬೆಟ್ಟ, ಕಟ್ಟಡಗಳು ದೂರದ ಭಾವನೆಯನ್ನು ಹೆಚ್ಚಿಸುವುದರಿಂದ ಮಿದುಳು ಅಲ್ಲಿರುವ ವಸ್ತುವನ್ನು ದೊಡ್ಡದೆಂದು ಎಣಿಸುತ್ತದೆ ಎಂಬುದು ಬಹಳ ಪ್ರಚಲಿತವಾದ ವಿವರಣೆ. ಆದರೆ ಗ್ರಹಿಕೆಯನ್ನು ಅಧ್ಯಯನ ಮಾಡುವವರೆಲ್ಲರೂ ಒಪ್ಪುವ ಒಂದೇ ವಿವರಣೆ ಇಂದಿಗೂ ಇಲ್ಲ. ಮಕ್ಕಳೂ ಕೇಳುವ ಪ್ರಶ್ನೆಯೊಂದು ಕಾಗದದ ತೂತಿನ ಮೂಲಕ ನಮ್ಮನ್ನು ವಿಜ್ಞಾನದ ತೆರೆದ ಗಡಿಯವರೆಗೆ ಕರೆದೊಯ್ಯುತ್ತದೆ.

"ಏಕೆ" ಎಂಬ ಪದವನ್ನು ಬಿಡಿಸುವುದು

ಪ್ರಕೃತಿಯ ಬಗೆಗಿನ ಪ್ರಶ್ನೆಗಳು ಸಾಮಾನ್ಯವಾಗಿ "ಏಕೆ" ಎಂದೇ ಹುಟ್ಟುತ್ತವೆ, ಮತ್ತು ಆ ರೂಪದಲ್ಲಿ ಅವುಗಳಿಗೆ ಉತ್ತರ ಹೇಳುವುದು ಕಷ್ಟ. ಹಕ್ಕಿಗಳು ನಸುಕಿನಲ್ಲಿ ಹಾಡುವುದೇಕೆ ಎಂದು ಕೇಳಿದಾಗ ಒಬ್ಬರು ಸಂಗಾತಿಯನ್ನು ಕರೆಯಲು ಎನ್ನುತ್ತಾರೆ, ಇನ್ನೊಬ್ಬರು ಹಾರ್ಮೋನುಗಳ ಪ್ರಭಾವದಿಂದ ಎನ್ನುತ್ತಾರೆ, ಇಬ್ಬರ ಮಾತೂ ಸರಿಯಿರಬಹುದು. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿ 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ನಿಕೋ ಟಿನ್‌ಬರ್ಗನ್ ಅವರು 1963ರಲ್ಲಿ ಇಂಥ ಪ್ರಶ್ನೆಯನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು. ಆ ವರ್ತನೆ ದೇಹದಲ್ಲಿ ಯಾವ ಕಾರ್ಯವಿಧಾನದಿಂದ ನಡೆಯುತ್ತದೆ, ಆ ಜೀವಿಯ ಬಾಳಿನಲ್ಲಿ ಅದು ಹೇಗೆ ಬೆಳೆದು ಬರುತ್ತದೆ, ಬದುಕಿ ಉಳಿಯಲು ಮತ್ತು ಸಂತತಿ ಬೆಳೆಸಲು ಅದರಿಂದ ಏನು ಪ್ರಯೋಜನ, ವಿಕಾಸದ ಹಾದಿಯಲ್ಲಿ ಅದು ಎಲ್ಲಿಂದ ಬಂತು ಎಂಬವೇ ಆ ನಾಲ್ಕು. ಹಕ್ಕಿಯ ಹಾಡಿಗೆ ಇದನ್ನು ಅನ್ವಯಿಸಿದರೆ, ಶ್ವಾಸನಾಳದ ಬುಡದಲ್ಲಿರುವ ಸಿರಿಂಕ್ಸ್ ಎಂಬ ಧ್ವನಿಯಂಗ ಮೊದಲ ಪ್ರಶ್ನೆಗೆ ಸೇರುತ್ತದೆ. ಹಲವು ಜಾತಿಯ ಮರಿಹಕ್ಕಿಗಳು ದೊಡ್ಡ ಹಕ್ಕಿಗಳ ಹಾಡು ಕೇಳಿ ಕಲಿಯುವುದು ಎರಡನೆಯದಕ್ಕೆ. ತನ್ನ ನೆಲೆಯನ್ನು ಕಾಯುವುದು ಮತ್ತು ಸಂಗಾತಿಯನ್ನು ಸೆಳೆಯುವುದು ಮೂರನೆಯದಕ್ಕೆ. ಹತ್ತಿರದ ಸಂಬಂಧಿ ಜಾತಿಗಳ ಹಾಡುಗಳನ್ನು ಹೋಲಿಸಿ ನೋಡುವುದು ನಾಲ್ಕನೆಯದಕ್ಕೆ.

ಜೀವವಿಲ್ಲದ ವಸ್ತುಗಳ ಬಗ್ಗೆ ಕೇಳುವಾಗ ಈ ನಾಲ್ಕು ವಿಭಾಗಗಳು ಹೊಂದುವುದಿಲ್ಲ. ಅಲ್ಲಿ "ಏಕೆ" ಎಂಬುದನ್ನು "ಯಾವಾಗ", "ಎಷ್ಟು", "ಏನನ್ನು ಬದಲಿಸಿದರೆ" ಎಂಬ ಪದಗಳಿಗೆ ತಿರುಗಿಸಿಕೊಳ್ಳುವುದು ಒಳ್ಳೆಯ ರೂಢಿ. ಜೀವಿಗಳ ವಿಷಯದಲ್ಲಿಯೂ ನಮ್ಮ ಕೈಗೆ ಎಟುಕುವುದು ಈ ಬಗೆಯ ಪ್ರಶ್ನೆಗಳೇ. ನಸುಕಿನ ಮೊದಲ ಹಾಡು ಸೂರ್ಯೋದಯಕ್ಕೆ ಎಷ್ಟು ನಿಮಿಷ ಮೊದಲು ಕೇಳುತ್ತದೆ, ಮೋಡ ಕವಿದ ದಿನ ಅದು ತಡವಾಗುತ್ತದೆಯೇ, ಬೀದಿದೀಪದ ಪಕ್ಕದ ಮರದಲ್ಲಿಯೂ ಕತ್ತಲಿನ ಮರದಲ್ಲಿಯೂ ಒಂದೇ ಹೊತ್ತಿಗೆ ಆರಂಭವಾಗುತ್ತದೆಯೇ ಎಂಬುದನ್ನು ಒಂದು ಗಡಿಯಾರ ಮತ್ತು ಮೂವತ್ತು ಬೆಳಗುಗಳ ತಾಳ್ಮೆಯಿಂದ ಯಾರಾದರೂ ದಾಖಲಿಸಬಹುದು.

ಅಂದಾಜಿನ ಲೆಕ್ಕ

ಉತ್ತರವೊಂದನ್ನು ಕೇಳಿದಾಗ, ಅದರಲ್ಲಿ ಹೇಳಿರುವ ಕಾರಣ ಅಷ್ಟು ದೊಡ್ಡ ಪರಿಣಾಮ ಉಂಟುಮಾಡಲು ಸಾಲುತ್ತದೆಯೇ ಎಂದು ಅಂದಾಜು ಹಾಕಿ ನೋಡುವುದು ಬಹಳ ಉಪಯುಕ್ತ. ತೊಟ್ಟಿಯ ನೀರು ತಳದ ತೂತಿನಿಂದ ಸುಳಿಯಾಗಿ ಇಳಿಯುವುದು ಭೂಮಿಯ ತಿರುಗುವಿಕೆಯಿಂದ, ಆದ್ದರಿಂದ ಉತ್ತರಾರ್ಧಗೋಳದಲ್ಲಿ ಒಂದು ದಿಕ್ಕಿಗೆ, ದಕ್ಷಿಣಾರ್ಧಗೋಳದಲ್ಲಿ ಇನ್ನೊಂದು ದಿಕ್ಕಿಗೆ ಸುಳಿ ಸುತ್ತುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಭೂಮಿ ಒಂದು ದಿನಕ್ಕೆ ಒಂದು ಸುತ್ತು ತಿರುಗುತ್ತದೆ, ಅಂದರೆ ಒಂದು ನಿಮಿಷದಲ್ಲಿ ಕಾಲು ಡಿಗ್ರಿ. ಕೈತೊಳೆಯುವ ತೊಟ್ಟಿ ಒಂದು ನಿಮಿಷದೊಳಗೆ ಬರಿದಾಗುತ್ತದೆ. ನೀರು ತುಂಬಿಸಿದಾಗ ಉಳಿದ ಅಲುಗಾಟ, ತೊಟ್ಟಿಯ ಆಕಾರ, ಬಿರಡೆಯನ್ನು ಎಳೆದ ರೀತಿ ಇವೆಲ್ಲ ಆ ಕಾಲು ಡಿಗ್ರಿಯನ್ನು ಸುಲಭವಾಗಿ ಮುಳುಗಿಸಿಬಿಡುತ್ತವೆ. ಚಂಡಮಾರುತವಾದರೆ ನೂರಾರು ಕಿಲೋಮೀಟರ್ ಹರಡಿ ದಿನಗಟ್ಟಲೆ ಉಳಿಯುವುದರಿಂದ ಅದರ ಸುತ್ತುವ ದಿಕ್ಕನ್ನು ಭೂಮಿಯ ತಿರುಗುವಿಕೆಯೇ ನಿರ್ಧರಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿ "ಅದು ಕಟ್ಟುಕಥೆ" ಎಂದು ತಳ್ಳಿಹಾಕುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯಲ್ಲಿ ಆಶರ್ ಶಾಪಿರೊ ಅವರು 1962ರಲ್ಲಿ ಸುಮಾರು 1.8 ಮೀಟರ್ ಅಗಲ, 15 ಸೆಂಟಿಮೀಟರ್ ಆಳದ ದುಂಡನೆಯ ತೊಟ್ಟಿಯಲ್ಲಿ ನೀರು ತುಂಬಿ, ಒಂದು ಇಡೀ ದಿನ ಅಲುಗಾಡದಂತೆ ಬಿಟ್ಟು, ಆಮೇಲೆ ನಡುವಿನ ಚಿಕ್ಕ ತೂತನ್ನು ತೆರೆದರು. ಬರಿದಾಗಲು ಇಪ್ಪತ್ತು ನಿಮಿಷ ಹಿಡಿಯಿತು; ಮೊದಲ ಹನ್ನೆರಡು ಹದಿನೈದು ನಿಮಿಷ ಏನೂ ಕಾಣಲಿಲ್ಲ; ಕೊನೆಯಲ್ಲಿ ಮೇಲೆ ತೇಲಿಸಿದ್ದ ಸಣ್ಣ ಗುರುತು ನಿಧಾನವಾಗಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗತೊಡಗಿತು. ಮೂರು ವರ್ಷಗಳ ನಂತರ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇದೇ ಬಗೆಯ ಎಚ್ಚರದಿಂದ ನಡೆಸಿದ ಪ್ರಯೋಗದಲ್ಲಿ ಸುಳಿ ಗಡಿಯಾರದ ದಿಕ್ಕಿಗೆ ತಿರುಗಿತು. ಭೂಮಿಯ ತಿರುಗುವಿಕೆಯ ಪ್ರಭಾವ ತೊಟ್ಟಿಯಲ್ಲಿಯೂ ಇದೆ, ಆದರೆ ಅದನ್ನು ಕಾಣಬೇಕಾದರೆ ಉಳಿದೆಲ್ಲ ಗದ್ದಲ ಅಡಗುವವರೆಗೆ ಒಂದು ದಿನ ಕಾಯಬೇಕು. ಪ್ರಶ್ನೆಯನ್ನು ತಳ್ಳಿಹಾಕದೆ, "ಯಾವ ಪರಿಸ್ಥಿತಿಯಲ್ಲಿ ಇದು ನಿಜವಾದೀತು" ಎಂದು ತಿರುಗಿಸಿ ಕೇಳಿದ್ದರಿಂದ ಬಂದ ತಿಳಿವಳಿಕೆ ಇದು.

ಒಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಡಿ

ಕೊಳೆತ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂದು ಜನ ಬಹುಕಾಲ ನಂಬಿದ್ದರು. ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ಜಾಡಿಗಳನ್ನು ತೆರೆದಿಟ್ಟು, ಕೆಲವನ್ನು ಭದ್ರವಾಗಿ ಮುಚ್ಚಿ ಎಲ್ಲದರಲ್ಲಿಯೂ ಮಾಂಸವನ್ನಿಟ್ಟರು. ತೆರೆದ ಜಾಡಿಗಳಲ್ಲಿ ಮಾತ್ರ ಹುಳುಗಳಾದವು. ಆದರೆ ಜಾಡಿ ಮುಚ್ಚಿದಾಗ ನೊಣದ ಜೊತೆಗೆ ಗಾಳಿಯೂ ತಡೆಯಲ್ಪಟ್ಟಿತ್ತು. ಗಾಳಿಯಿಲ್ಲದ್ದರಿಂದಲೇ ಹುಳು ಹುಟ್ಟಲಿಲ್ಲ ಎಂದು ವಾದಿಸಲು ಅವಕಾಶವಿತ್ತು. ರೆಡಿ ಮತ್ತೆ ಕೆಲವು ಜಾಡಿಗಳ ಬಾಯಿಗೆ ತೆಳುವಾದ ಜಾಳಿಗೆ ಬಟ್ಟೆ ಕಟ್ಟಿದರು. ಗಾಳಿ ಒಳಗೆ ಹೋಗುತ್ತಿತ್ತು, ನೊಣ ಹೋಗುತ್ತಿರಲಿಲ್ಲ, ಮಾಂಸದಲ್ಲಿ ಹುಳು ಹುಟ್ಟಲಿಲ್ಲ. ನಿಮ್ಮ ಪ್ರಯೋಗ ಮುಗಿಯಿತು ಎಂದುಕೊಂಡಾಗ ಈ ಬಟ್ಟೆಯನ್ನು ನೆನಪಿಸಿಕೊಂಡು, ನಾನು ಒಂದನ್ನು ಬದಲಿಸುವ ಭರದಲ್ಲಿ ಅರಿವಿಲ್ಲದೆ ಎರಡನ್ನು ಬದಲಿಸಿದೆನೇ ಎಂದು ಕೇಳಿಕೊಳ್ಳಿ.

ಇದೇ ಶಿಸ್ತಿನ ಬಹಳ ಚೆಲುವಾದ ಉದಾಹರಣೆಯೊಂದು ಮರುಭೂಮಿಯ ಇರುವೆಗಳದ್ದು. ಕ್ಯಾಟಗ್ಲಿಫಿಸ್ ಎಂಬ ಇರುವೆ ಆಹಾರ ಹುಡುಕುತ್ತ ಅಂಕುಡೊಂಕಾಗಿ ಅಲೆದರೂ ಗೂಡಿಗೆ ನೇರ ದಾರಿಯಲ್ಲಿ ಮರಳುತ್ತದೆ. ದೂರವನ್ನು ಅದು ಹೇಗೆ ತಿಳಿಯುತ್ತದೆ? ಹೆಜ್ಜೆಗಳ ಲೆಕ್ಕದಿಂದ ಇರಬಹುದು ಎಂದು ಊಹಿಸಿದ ಸಂಶೋಧಕರು, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹತ್ತು ಮೀಟರ್ ನಡೆದು ಆಹಾರದ ಬಳಿ ಬಂದ ಕೆಲವು ಇರುವೆಗಳ ಕಾಲುಗಳಿಗೆ ಹಂದಿಯ ಬಿರುಗೂದಲನ್ನು ಅಂಟಿಸಿ ಮರಗಾಲಿನಂತೆ ಉದ್ದ ಮಾಡಿದರು, ಕೆಲವುಗಳ ಕಾಲುಗಳನ್ನು ಗಿಡ್ಡ ಮಾಡಿದರು. ಮರಳುವಾಗ ಉದ್ದಕಾಲಿನವು ಗೂಡಿರಬೇಕಾದ ಜಾಗವನ್ನು ದಾಟಿ ಸುಮಾರು ಹದಿನೈದು ಮೀಟರ್ ಹೋಗಿ ಹುಡುಕಾಡಿದವು, ಗಿಡ್ಡಕಾಲಿನವು ಆರು ಮೀಟರಿನ ಆಸುಪಾಸಿನಲ್ಲೇ ನಿಂತುಬಿಟ್ಟವು. ಹೆಜ್ಜೆಯ ಉದ್ದವೊಂದನ್ನು ಬದಲಿಸಿದಾಗ ದೂರದ ಲೆಕ್ಕ ತಪ್ಪಿತು. ಬಲು ಸರಳವಾದ ಈ ಉಪಾಯವನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ಜೀವಿಗಳಿಗೆ ನೋವಾಗುವ ಪ್ರಯೋಗಗಳನ್ನು ಮನೆಯಲ್ಲಿ ಮಾಡಬಾರದು. ಅವುಗಳ ದಾರಿಯನ್ನೂ ಹೊತ್ತನ್ನೂ ದೂರದಿಂದ ಗಮನಿಸಿದರೇ ಬೇಕಾದಷ್ಟು ತಿಳಿಯುತ್ತದೆ. ಹಾಗೆಯೇ ಸೂರ್ಯನನ್ನು ನೇರವಾಗಿ ನೋಡುವುದು, ಗುರುತಿಲ್ಲದ ಗಿಡ ಅಥವಾ ಅಣಬೆಯ ರುಚಿ ನೋಡುವುದು, ಶುಚಿಗೊಳಿಸುವ ರಾಸಾಯನಿಕಗಳನ್ನು ಬೆರೆಸುವುದು, ವಿದ್ಯುತ್ ಮಾರ್ಗವನ್ನು ಮುಟ್ಟುವುದು ಯಾವ ಕುತೂಹಲಕ್ಕೂ ಸಲ್ಲದು.

ಅಳತೆಯ ಬಗ್ಗೆ ಒಂದು ಮಾತು. ಒಂದೇ ಸಲ ಅಳೆದ ಸಂಖ್ಯೆಯನ್ನು ನಂಬಬೇಡಿ. ಕನಿಷ್ಠ ಹತ್ತು ಸಲ ಅಳೆದು, ಸರಾಸರಿಯ ಜೊತೆಗೆ ಅತಿ ಚಿಕ್ಕ ಮತ್ತು ಅತಿ ದೊಡ್ಡ ಸಂಖ್ಯೆಯನ್ನೂ ಬರೆಯಿರಿ. ಕೈಯಿಂದ ಗಡಿಯಾರದ ಗುಂಡಿ ಒತ್ತಿ ಸಮಯ ಅಳೆಯುವವರು ತಮ್ಮ ಕೈ ಎಷ್ಟು ತಡ ಮಾಡುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು. ಇನ್ನೊಬ್ಬರು ಅಳತೆಪಟ್ಟಿಯನ್ನು ಲಂಬವಾಗಿ ಹಿಡಿದು, ಸೊನ್ನೆಯ ಗುರುತು ನಿಮ್ಮ ಬೆರಳುಗಳ ನಡುವೆ ಇರುವಂತೆ ಮಾಡಿ, ಹೇಳದೆ ಬಿಟ್ಟುಬಿಡಲಿ. ನೀವು ಹಿಡಿದಾಗ ಅದು 20 ಸೆಂಟಿಮೀಟರ್ ಇಳಿದಿದ್ದರೆ ನಿಮ್ಮ ಕೈ ತೆಗೆದುಕೊಂಡ ಕಾಲ ಸುಮಾರು 0.2 ಸೆಕೆಂಡ್, 30 ಸೆಂಟಿಮೀಟರ್ ಆಗಿದ್ದರೆ ಸುಮಾರು 0.25 ಸೆಕೆಂಡ್. ಇದನ್ನು ತಿಳಿದ ಮೇಲೆ ಕೈಗಡಿಯಾರ ತೋರಿಸುವ ಸೆಕೆಂಡಿನ ನೂರರ ಭಾಗವನ್ನು ಯಾರೂ ಗಂಭೀರವಾಗಿ ಬರೆದುಕೊಳ್ಳುವುದಿಲ್ಲ.

ಅಳೆಯುವವರ ಆಸೆಯೂ ಅಳತೆಯೊಳಗೆ ಸೇರಿಬಿಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡಿ ಗೊರಸು ಕುಟ್ಟಿ ಉತ್ತರ ಹೇಳುತ್ತದೆ ಎಂದು ಪ್ರಸಿದ್ಧವಾಗಿತ್ತು, ಮೋಸವೇನೂ ಕಂಡುಬಂದಿರಲಿಲ್ಲ. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ನಡೆಸಿದ ಪರೀಕ್ಷೆಗಳಲ್ಲಿ, ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿಲ್ಲದಿದ್ದಾಗ ಅಥವಾ ಅವರು ಕುದುರೆಗೆ ಕಾಣದಂತೆ ನಿಂತಾಗ ಅದರ ಲೆಕ್ಕವೆಲ್ಲ ತಪ್ಪಿತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ತಮಗೇ ತಿಳಿಯದಂತೆ ತುಸು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಆದ್ದರಿಂದ ಎರಡು ಕುಂಡಗಳ ಗಿಡಗಳನ್ನು ಹೋಲಿಸುವಾಗ, ಯಾವುದಕ್ಕೆ ಏನು ಮಾಡಲಾಗಿದೆ ಎಂದು ತಿಳಿಯದ ಇನ್ನೊಬ್ಬರಿಂದ ಎತ್ತರ ಅಳೆಸುವುದು ಒಳ್ಳೆಯದು.

ಸಿಕ್ಕ ಉತ್ತರವನ್ನು ಮುಂದಕ್ಕೆ ನಡೆಸುವುದು

ಇಷ್ಟಾದ ಮೇಲೆ ಪುಸ್ತಕ, ವಿಶ್ವಕೋಶ, ಲೇಖನಗಳ ಬಳಿಗೆ ಹೋಗಬೇಕು. ಅಲ್ಲಿ ಮೊದಲು ಹುಡುಕಬೇಕಾದದ್ದು ಉತ್ತರಕ್ಕಿಂತ ಹೆಚ್ಚಾಗಿ ಆ ವಿದ್ಯಮಾನಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು. ದಿಗಂತದ ದೊಡ್ಡ ಚಂದ್ರನಿಗೆ ಇಂಗ್ಲಿಷಿನಲ್ಲಿ ಮೂನ್ ಇಲ್ಯೂಷನ್ ಎನ್ನುತ್ತಾರೆ ಎಂದು ತಿಳಿದರೆ ಶತಮಾನಗಳ ಚರ್ಚೆಯ ಬಾಗಿಲು ತೆರೆಯುತ್ತದೆ. ತಿಳಿಯದಿದ್ದರೆ ಅದೇ ನಾಲ್ಕು ಮೇಲುಮೇಲಿನ ವಿವರಣೆಗಳ ಸುತ್ತ ಸುತ್ತುತ್ತಿರುತ್ತೇವೆ. ಓದುವಾಗ "ಇದು ಅವರಿಗೆ ಹೇಗೆ ತಿಳಿಯಿತು" ಎಂಬ ಪ್ರಶ್ನೆಯನ್ನು ಪ್ರತಿ ಪುಟಕ್ಕೂ ಕೇಳಿ. ಅಳತೆ, ಪ್ರಯೋಗ, ಹೋಲಿಕೆ ಏನನ್ನೂ ಹೇಳದೆ ಬರೀ ತೀರ್ಮಾನ ಹೇಳುವ ಬರಹಕ್ಕಿಂತ, ತನ್ನ ಮಿತಿಯನ್ನು ಒಪ್ಪಿಕೊಳ್ಳುವ ಬರಹವನ್ನು ಹೆಚ್ಚು ನಂಬಬಹುದು. ಒಂದೇ ಒಂದು ಅಧ್ಯಯನದ ಸುದ್ದಿಗಿಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಲೇಖನಕ್ಕೆ ತೂಕ ಹೆಚ್ಚು. ಮಾತಿಗೆ ಮಾತು ಕೊಡುವ ಕಂಪ್ಯೂಟರ್ ತಂತ್ರಾಂಶಗಳನ್ನು ಕೇಳುವವರು, ಅವು ಹೇಳಿದ ಹೆಸರು, ವರ್ಷ, ಸಂಖ್ಯೆಗಳನ್ನು ಮೂಲದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಉತ್ತರ ಸಿಕ್ಕಿತೆಂದರೆ ಅದನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸಿ ನೋಡಬೇಕು: ಇದು ನಿಜವಾದರೆ ಇನ್ನೇನು ನಿಜವಾಗಿರಬೇಕು? ಆಕಾಶ ನೀಲಿಯಾಗಿರುವುದು ಗಾಳಿಯ ಅಣುಗಳು ಕಿರಿದಾದ ತರಂಗಾಂತರದ ಬೆಳಕನ್ನು ಹೆಚ್ಚು ಚದುರಿಸುವುದರಿಂದ. 450 ನ್ಯಾನೋಮೀಟರಿನ ನೀಲಿ ಬೆಳಕು 700 ನ್ಯಾನೋಮೀಟರಿನ ಕೆಂಪಿಗಿಂತ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತದೆ. ಸರಿ, ಹಾಗಾದರೆ ಇನ್ನೂ ಕಿರಿದಾದ ತರಂಗಾಂತರದ ನೇರಳೆ ಇನ್ನೂ ಹೆಚ್ಚು ಚದುರಬೇಕು. ಆಕಾಶ ನೇರಳೆಯಾಗಿ ಏಕಿಲ್ಲ? ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣು ನೇರಳೆಗೆ ಅಷ್ಟು ಸೂಕ್ಷ್ಮವಲ್ಲ ಎಂಬ ಎರಡು ಸಂಗತಿಗಳು ಆಗ ಎದುರಾಗುತ್ತವೆ. ಆಕಾಶದ ಬಣ್ಣದಲ್ಲಿ ನೋಡುವವರ ಕಣ್ಣಿಗೂ ಪಾಲಿದೆ ಎಂಬುದು ಮೊದಲ ಉತ್ತರದಲ್ಲಿ ಇರಲಿಲ್ಲ.

ಸಮುದ್ರದ ನೀಲಿಯ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಆಕಾಶದ ನೀಲಿಯನ್ನು ವಿವರಿಸಿದ ಲಾರ್ಡ್ ರೇಲಿ ಅವರೇ, ಆಳ ಸಮುದ್ರದ ನೀಲಿ ಆಕಾಶದ ಪ್ರತಿಫಲನವಷ್ಟೇ ಎಂದಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅವರ ಬಳಿ ನಿಕೋಲ್ ಪಟ್ಟಕ ಎಂಬ ಪುಟ್ಟ ಉಪಕರಣವಿತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಓರೆಯಲ್ಲಿ, ಅಂದರೆ ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ, ಪ್ರತಿಫಲಿಸುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪಟ್ಟಕವನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಆ ಬೆಳಕು ನಂದಿಹೋಗುತ್ತದೆ. ನೀಲಿ ಕೇವಲ ಪ್ರತಿಫಲನವಾಗಿದ್ದರೆ ಆಗ ಸಮುದ್ರ ತನ್ನ ಬಣ್ಣ ಕಳೆದುಕೊಳ್ಳಬೇಕಿತ್ತು. ಬಣ್ಣ ಹೋಗಲಿಲ್ಲ, ಮತ್ತಷ್ಟು ಗಾಢವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಅವರ ಆಗಿನ ವಿವರಣೆಗೆ, ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಮುಖ್ಯ ಕಾರಣ ಎಂಬುದನ್ನು ಇಂದು ಸೇರಿಸುತ್ತಾರೆ. ಆದರೆ ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಅವರು ಮುಂದಿನ ಏಳು ವರ್ಷ ಬಿಡದೆ ಹಿಂಬಾಲಿಸಿದ್ದರಿಂದಲೇ 1928ರ ಫೆಬ್ರವರಿ 28ರಂದು, ಚದುರಿದ ಬೆಳಕಿನ ಒಂದು ಸಣ್ಣ ಪಾಲಿನ ಬಣ್ಣ ಬದಲಾಗುವ ರಾಮನ್ ಪರಿಣಾಮ ಗೋಚರವಾಯಿತು, 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪೋಲರಾಯ್ಡ್ ಗಾಜಿನ ಕನ್ನಡಕವಿದ್ದವರು ಕೆರೆಯ ದಡದಲ್ಲಿ ಓರೆಯಾಗಿ ನೋಡುತ್ತ ಅದನ್ನು ನಿಧಾನವಾಗಿ ತಿರುಗಿಸಿದರೆ ಮೇಲ್ಮೈಯ ಹೊಳಪು ಆರಿ ನೀರಿನೊಳಗು ಕಾಣುವುದನ್ನು ತಾವೇ ನೋಡಬಹುದು.

ಬೇರೆಯವರನ್ನು ಕೇಳುವಾಗ

ಸ್ವಂತ ಪ್ರಯತ್ನವೂ ಓದೂ ಒಂದು ಹಂತದಲ್ಲಿ ನಿಲ್ಲುತ್ತವೆ, ಆಗ ತಿಳಿದವರನ್ನು ಕೇಳಲು ಸಂಕೋಚ ಬೇಡ. ಪತ್ರ ಚಿಕ್ಕದಾಗಿರಲಿ: ಕಂಡದ್ದೇನು, ಮಾಡಿ ನೋಡಿದ್ದೇನು, ಓದಿದ್ದೇನು, ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂಬ ನಾಲ್ಕು ಸಂಗತಿಗಳು ಸಾಕು. ಇಷ್ಟನ್ನು ಬರೆದ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ "ಕಪ್ಪುರಂಧ್ರ ಎಂದರೇನು" ಎಂಬ ಒಂದು ಸಾಲಿನ ಪತ್ರಕ್ಕಿಂತ ಬಹಳ ಹೆಚ್ಚು. ಸಾಮಾನ್ಯ ಜನರ ನೆರವಿನಿಂದ ಗ್ಯಾಲಕ್ಸಿಗಳನ್ನು ವಿಂಗಡಿಸಲು 2007ರಲ್ಲಿ ಆರಂಭವಾದ ಗ್ಯಾಲಕ್ಸಿ ಝೂ ಯೋಜನೆಯಲ್ಲಿ, ಹ್ಯಾನಿ ವಾನ್ ಆರ್ಕೆಲ್ ಎಂಬ ನೆದರ್‌ಲೆಂಡ್ಸ್‌ನ ಶಾಲಾ ಶಿಕ್ಷಕಿ ಒಂದು ಗ್ಯಾಲಕ್ಸಿಯ ಪಕ್ಕದಲ್ಲಿ ವಿಚಿತ್ರ ಮೋಡದಂಥ ಮಚ್ಚೆಯನ್ನು ಕಂಡು, ಇದೇನು ಎಂದು ವಿಜ್ಞಾನಿಗಳನ್ನು ಕೇಳಿದರು. ಅದು ಯಾರಿಗೂ ಗೊತ್ತಿರಲಿಲ್ಲ. ಆ ಗ್ಯಾಲಕ್ಸಿಯ ಕೇಂದ್ರ ಹಿಂದೊಮ್ಮೆ ಬಹಳ ಪ್ರಖರವಾಗಿದ್ದು, ಆಗ ಹೊರಟ ಬೆಳಕು ತಡವಾಗಿ ತಲುಪಿ ಬೆಳಗಿಸಿರುವ ಅನಿಲರಾಶಿ ಅದು ಎಂಬುದು ಆಮೇಲೆ ತಿಳಿದುಬಂತು. ಸಾವಿರಾರು ಚಿತ್ರಗಳನ್ನು ನೋಡಿದ ಮೇಲೂ "ಇದು ಬೇರೆಯಾಗಿದೆ" ಎಂದು ಗಮನಿಸಿ ಕೇಳುವಷ್ಟು ಎಚ್ಚರ ಆಕೆಯಲ್ಲಿತ್ತು. ಇಂದು ಹಕ್ಕಿ, ಗಿಡ, ಕೀಟಗಳ ವಿಷಯದಲ್ಲಿ ಈಬರ್ಡ್ ಮತ್ತು ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳು ನಿಮ್ಮ ಟಿಪ್ಪಣಿಗಳಿಗೆ ಅಂಥದೇ ಜಾಗ ಒದಗಿಸುತ್ತವೆ.

ಟಿಪ್ಪಣಿ ಪುಸ್ತಕದ ಆ ಪುಟಕ್ಕೆ ಮರಳಿ, ಮೊದಲು ಬರೆದ ಊಹೆಯನ್ನು ಅಳಿಸದೆ, ಅದರ ಕೆಳಗೆ ಹೊಸ ದಿನಾಂಕ ಹಾಕಿ ಈಗ ತಿಳಿದದ್ದನ್ನೂ, ಯಾವ ಆಧಾರದಿಂದ ತಿಳಿಯಿತು ಎಂಬುದನ್ನೂ ಬರೆಯಿರಿ. ನನ್ನ ಚಂದ್ರನ ಪುಟದಲ್ಲಿ ಭೂತಗನ್ನಡಿಯ ಸಾಲು ಹಾಗೆಯೇ ಇದೆ, ಅದರ ಕೆಳಗೆ ಎರಡು ಒಂದೇ ಅಳತೆಯ ವೃತ್ತಗಳಿವೆ, ಅವುಗಳ ಕೆಳಗೆ ಹೊಸದೊಂದು ಸಾಲು ಸೇರಿದೆ: ಮರವೂ ಬೆಟ್ಟವೂ ಕಾಣದ ನಡುಸಮುದ್ರದಲ್ಲಿ ಮೂಡುವ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೆ?